ನೀವು ಯಾರ ಪೈಕಿ?

(ಬೆಳಗಾವಿಯಲ್ಲಿ ಶಾಲಾ ಶಿಕ್ಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ನಮ್ಮ ಭಾಗದಲ್ಲಿ ಮೊದಲು ಕೇಳುವುದು ಊರು. ಆಮೇಲೆ ಅಡ್ಡಹೆಸರು. ಅದರಿಂದಲೂ ಗೊತ್ತಾಗದಿದ್ದರೆ ಮೂರನೆಯ ಪ್ರಶ್ನೆ ಬರುತ್ತದೆ: 'ಅಂದ್ರ ನೀವು ಯಾರ ಪೈಕಿ ಆದ್ರಿ?' ಹೆಚ್ಚಿನವರಿಗೆ ಇದಕ್ಕೆ ಒಂದು ಶಬ್ದದ ಉತ್ತರ ಸಾಕು. ತಂದೆಯದು ಒಂದು ಜಾತಿ, ತಾಯಿಯದು ಇನ್ನೊಂದು, ಅಥವಾ ತಂದೆಯ ಮನೆಯಲ್ಲಿ ಕನ್ನಡ, ತಾಯಿಯ ತವರಲ್ಲಿ ಮರಾಠಿ ಎಂಬಂಥ ಮನೆಯ ಮಕ್ಕಳಿಗೆ ಒಂದು ಶಬ್ದ ಸಾಲುವುದಿಲ್ಲ. ಅವರು ಕೇಳಿದವರ ಮುಖ ನೋಡಿ ಉತ್ತರ ಕೊಡುವುದನ್ನು ಕಲಿತಿರುತ್ತಾರೆ. ಅಜ್ಜಿಯ ಊರಿನ ಜಾತ್ರೆಯಲ್ಲಿ ಒಂದು ಉತ್ತರ, ಕಾಲೇಜಿನ ಕಚೇರಿಯಲ್ಲಿ ಇನ್ನೊಂದು. ಇದನ್ನು ಸುಳ್ಳು ಎಂದು ಕರೆಯುವವರಿದ್ದಾರೆ. ಹಾಗಲ್ಲ ಎಂದು ತೋರಿಸುವುದಕ್ಕೇ ನಾನು ಇಂದು ನಿಂತಿದ್ದೇನೆ. ಪ್ರಶ್ನೆ ಕೇಳುವವರು ಬದಲಾದಂತೆ ಪ್ರಶ್ನೆಯೇ ಬದಲಾಗುತ್ತದೆ. ಆದ್ದರಿಂದ ಉತ್ತರವೂ ಬದಲಾಗುತ್ತದೆ.

ಅಡ್ಡಹೆಸರಿನ ಮಾತು ಬಂತಲ್ಲ, ಅದನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಶಾಲೆಯ ದಾಖಲಾತಿ ಮೇಜಿನಲ್ಲಿ ಬಹಳ ತಪ್ಪುಗಳು ಅಲ್ಲಿಂದಲೇ ಹುಟ್ಟುತ್ತವೆ. ಪಾಟೀಲ ಎಂಬುದು ಗೌಡಿಕೆಯ ಹೆಸರು. ಲಿಂಗಾಯತರಲ್ಲಿ, ಜೈನರಲ್ಲಿ, ಮರಾಠರಲ್ಲಿ, ಮುಸ್ಲಿಮರಲ್ಲಿ ಪಾಟೀಲರಿದ್ದಾರೆ. ಇನಾಮದಾರ ಎಂದರೆ ಇನಾಮು ಭೂಮಿ ಪಡೆದ ಮನೆತನ, ಅದೂ ಹಲವು ಜಾತಿ ಮತಗಳಲ್ಲಿದೆ. ದೇಸಾಯಿಯೂ ಹಾಗೇ. ಇವು ಕೆಲಸದ ಹೆಸರುಗಳು, ಕುಲದ ಹೆಸರುಗಳಲ್ಲ. ಹೆಸರು ಕೇಳಿ ಜಾತಿ ಊಹಿಸಿ ಬರೆದುಕೊಂಡ ಗುಮಾಸ್ತನ ಒಂದು ಸಾಲು, ಆ ಹುಡುಗಿಗೆ ಇಪ್ಪತ್ತು ವರ್ಷ ಆದ ಮೇಲೂ ಬೆನ್ನು ಬಿಡುವುದಿಲ್ಲ.

ಈಗ ಒಂದು ಕಾಲಂ ತೆಗೆದುಕೊಳ್ಳೋಣ: ಮಾತೃಭಾಷೆ. ನಿಮ್ಮಲ್ಲಿ ಹಲವರು ಜನಗಣತಿಗೆ ಮನೆಮನೆ ತಿರುಗಿದವರು, ಮುಂದೆಯೂ ತಿರುಗುವವರು. 2011ರ ಜನಗಣತಿಯ ವ್ಯಾಖ್ಯೆ ಸ್ಪಷ್ಟವಾಗಿತ್ತು. ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆಯೇ ಮಾತೃಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ, ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಇದನ್ನು ನಿಧಾನವಾಗಿ ಓದಿ. ತಾಯಿಯ ಮಾತೃಭಾಷೆ ಯಾವುದು ಎಂದು ಅದು ಕೇಳುವುದಿಲ್ಲ, ಮಗುವಿನೊಡನೆ ತಾಯಿ ಯಾವ ಭಾಷೆ ಆಡಿದಳು ಎಂದು ಕೇಳುತ್ತದೆ. ನಿಪ್ಪಾಣಿ ಕಡೆಯ ಮರಾಠಿ ಮನೆಯ ಹೆಣ್ಣುಮಗಳು ಗೋಕಾಕದ ಕನ್ನಡ ಮನೆಗೆ ಸೊಸೆಯಾಗಿ ಬಂದಳು ಎನ್ನಿ. ಮಗುವನ್ನು ಮರಾಠಿಯಲ್ಲಿ ಆಡಿಸಿದರೆ ಮಗುವಿನ ಮಾತೃಭಾಷೆ ಮರಾಠಿ. ಅತ್ತೆಯ ಮನೆಯ ಕನ್ನಡವನ್ನೇ ಮಗುವಿಗೂ ಆಡಿದರೆ ಅವಳದು ಮರಾಠಿ, ಮಗುವಿನದು ಕನ್ನಡ. ಒಂದೇ ಮನೆಯಲ್ಲಿ ಎರಡು ಉತ್ತರ, ಎರಡೂ ಸರಿ.

ಆದರೆ ಆಗುವುದೇನು? ಬಾಗಿಲು ತೆಗೆದ ಯಜಮಾನರು 'ಎಲ್ಲಾರದೂ ಕನ್ನಡನ ಬರ್ಕೋರಿ' ಅನ್ನುತ್ತಾರೆ, ಅಥವಾ 'ಮರಾಠಿನ' ಅನ್ನುತ್ತಾರೆ. ನಾವು ಮೇಲಿನಿಂದ ಕೆಳಗಿನವರೆಗೆ ಅದನ್ನೇ ಬರೆದು ಮುಂದಿನ ಮನೆಗೆ ಹೋಗುತ್ತೇವೆ. ಸೊಸೆಯನ್ನು ಕರೆದು ಕೇಳುವುದಿಲ್ಲ. ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳಬೇಕು. ಮಾತೃಭಾಷೆಯ ನಂತರ ಬರುವ 'ತಿಳಿದಿರುವ ಇತರ ಭಾಷೆಗಳು' ಎಂಬ ಕಾಲಂನಲ್ಲಿ ಇನ್ನೂ ಎರಡು ಭಾಷೆಗೆ ಜಾಗವಿತ್ತು, ಹೆಚ್ಚು ಚೆನ್ನಾಗಿ ಬರುವುದು ಮೊದಲು. ಬೆಳಗಾವಿಯ ಅನೇಕ ಮನೆಗಳ ನಿಜವಾದ ಮುಖ ಕಾಣುವುದು ಆ ಕಾಲಂನಲ್ಲಿ. ಅವಸರದಲ್ಲಿ ಖಾಲಿ ಉಳಿಯುವುದೂ ಅದೇ. ಇನ್ನೊಂದು ಮಾತು, ಭಾಷೆಯ ಹೆಸರನ್ನು ಅವರು ಹೇಳಿದಂತೆಯೇ ಬರೆಯಿರಿ. 2011ರಲ್ಲಿ ದೇಶದಾದ್ಯಂತ ಜನ ಹೇಳಿದ ಹೆಸರುಗಳು 19,569. ಪರಿಶೀಲನೆಯ ನಂತರ ಗುರುತಿಸಿದ ಮಾತೃಭಾಷೆಗಳು 1,369. ಅವನ್ನು ಸೇರಿಸಿ ಮಾಡಿದ ಭಾಷೆಗಳ ಪಟ್ಟಿ 121. ಸೋಸುವ ಕೆಲಸಕ್ಕೆ ಬೇರೆ ಜನ ಇದ್ದಾರೆ. ಬಾಗಿಲಲ್ಲಿ ನಿಂತು ನಾವೇ ಸೋಸಿದರೆ ಅವರ ಕೈಗೆ ಏನೂ ಸಿಗುವುದಿಲ್ಲ.

ಇಲ್ಲೇ ಸಮೀಪದ ಒಂದು ಊರಿನ ಮಾತು ಹೇಳಬೇಕು. ಸಾಂಗ್ಲಿ ಜಿಲ್ಲೆಯ ಕುಪವಾಡದ ಭಾಷೆಯ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಭಾಷಾವಿಜ್ಞಾನ ಓದುವವರು ಜಗತ್ತಿನ ಎಲ್ಲಿಯೇ ಇರಲಿ, ಆ ಊರಿನ ಹೆಸರು ಕೇಳಿರುತ್ತಾರೆ. ಅಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಶತಮಾನಗಳಿಂದ ಒಟ್ಟಿಗೆ ಬದುಕಿ ವಾಕ್ಯರಚನೆಯಲ್ಲಿ ಒಂದರ ಮೇಲೊಂದು ಇಟ್ಟಷ್ಟು ಹೊಂದಿಕೊಂಡುಬಿಟ್ಟಿವೆ. ಒಂದು ಭಾಷೆಯ ವಾಕ್ಯದಲ್ಲಿ ಪದ ಕಿತ್ತು ಇನ್ನೊಂದರ ಪದ ಕೂರಿಸಿದರೆ ಬಹುಮಟ್ಟಿಗೆ ವಾಕ್ಯ ಸರಿಯಾಗುತ್ತದೆ. ಆದರೂ ಯಾರೂ ತಮ್ಮ ಮನೆಭಾಷೆಯನ್ನು ಬಿಟ್ಟಿರಲಿಲ್ಲ. ವ್ಯಾಕರಣ ಬೆರೆಯಿತು, ಹೆಸರು ಬೆರೆಯಲಿಲ್ಲ. ಬೆರಕೆ ಎಂಬುದು ಹೀಗೇ ನಡೆಯುವುದು, ಒಂದು ಪದರದಲ್ಲಿ ಪೂರ್ತಿ ಬೆರೆತು ಇನ್ನೊಂದು ಪದರದಲ್ಲಿ ಗೆರೆ ಹಾಗೇ ಉಳಿದಿರುತ್ತದೆ.

ಒಂದೇ ಕಾಲಂ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅತಿ ಉದ್ದದ ದಾಖಲೆ ಇರುವುದು ಅಮೆರಿಕದಲ್ಲಿ. ಅಲ್ಲಿ 1790ರಿಂದ ಪ್ರತಿ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದಿದೆ, ಪ್ರತಿ ಗಣತಿಯಲ್ಲೂ ಜನಾಂಗದ ಲೆಕ್ಕವಿದೆ. 1850ರಲ್ಲಿ ಕಪ್ಪು ಬಿಳಿ ಬೆರೆತವರಿಗೆ 'ಮುಲ್ಯಾಟೊ' ಎಂಬ ಶಬ್ದ ಬಂತು. 1890ರಲ್ಲಿ ಅದನ್ನೂ ಸೀಳಿ ಕಾಲು ಪಾಲು, ಎಂಟನೆಯ ಒಂದು ಪಾಲು ಎಂದು ಲೆಕ್ಕ ಹಾಕಲು ಹೇಳಿದರು. ಗಣತಿದಾರ ಬಾಗಿಲಲ್ಲಿ ನಿಂತು ಮುಖ ನೋಡಿ ಎಂಟನೆಯ ಒಂದು ಪಾಲನ್ನು ಹೇಗೆ ಗುರುತಿಸಬೇಕು? ಆ ಲೆಕ್ಕ ಬಾಳಿಕೆ ಬರಲಿಲ್ಲ. 1930ಕ್ಕೆ ಎಲ್ಲ ನಡುವಿನ ಹೆಸರುಗಳನ್ನು ತೆಗೆದು, ಕಪ್ಪು ರಕ್ತದ ಪಾಲು ಎಷ್ಟೇ ಕಡಿಮೆ ಇದ್ದರೂ ನೀಗ್ರೊ ಎಂದೇ ಬರೆಯಿರಿ ಎಂಬ ಸೂಚನೆ ಬಂತು. ಇದನ್ನು 'ಒಂದು ಹನಿ'ಯ ನಿಯಮ ಎಂದು ಕರೆಯುತ್ತಾರೆ. ಅದೇ ಕಾಲದಲ್ಲಿ, 1920ರಿಂದ 1940ರವರೆಗಿನ ಮೂರು ಗಣತಿಗಳಲ್ಲಿ, 'ಹಿಂದು' ಎಂಬುದು ಅಲ್ಲಿ ಒಂದು ಜನಾಂಗದ ಹೆಸರಾಗಿತ್ತು. ಅದರಡಿ ಬರೆಸಿಕೊಂಡವರಲ್ಲಿ ಬಹಳ ಜನ ಪಂಜಾಬಿನ ಸಿಖ್ಖರು.

ಆ ಸಿಖ್ಖರ ಸಂಸಾರಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ, ವಿಷಯ ಬಿಟ್ಟು ಹೋದಂತೆ ಕಂಡರೂ ಬಿಟ್ಟಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹೊಲಗಳಿಗೆ ದುಡಿಯಲು ಹೋದ ಪಂಜಾಬಿ ಗಂಡಸರಿಗೆ ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳಲು ಕಾನೂನು ಬಿಡುತ್ತಿರಲಿಲ್ಲ. ಬಿಳಿಯರನ್ನು ಮದುವೆಯಾಗಲೂ ಬಿಡುತ್ತಿರಲಿಲ್ಲ. ಅವರಲ್ಲಿ ನೂರಾರು ಜನ ಮೆಕ್ಸಿಕೊದ ಹೆಣ್ಣುಮಕ್ಕಳನ್ನು ಮದುವೆಯಾದರು. ಮದುವೆ ಪರವಾನಗಿ ಕೊಡುವ ಕಚೇರಿಯಲ್ಲಿ ಇಬ್ಬರ ಜನಾಂಗವೂ ಒಂದೇ ಆಗಿರಬೇಕಿತ್ತು, ಹಾಗಾಗಿ ಎಷ್ಟೋ ಕಡೆ ಗುಮಾಸ್ತರು ಇಬ್ಬರಿಗೂ 'ಕಂದು' ಎಂದು ಬರೆದರು. ಮಕ್ಕಳಿಗೆ ಸ್ಪ್ಯಾನಿಷ್ ಹೆಸರು, ಅಡ್ಡಹೆಸರು ಸಿಂಗ್, ಮನೆಯಲ್ಲಿ ತಾಯಿಯ ಸ್ಪ್ಯಾನಿಷ್ ಮಾತು, ತಾಯಿಯ ಚರ್ಚು, ಅಡುಗೆಮನೆಯಲ್ಲಿ ರೊಟ್ಟಿ. ಊರವರು ಆ ಮಕ್ಕಳನ್ನು ಕರೆದದ್ದು ಮಾತ್ರ 'ಹಿಂದು' ಎಂದು. ಭಾಷೆ ತಾಯಿಯದು, ದೇವರು ತಾಯಿಯದು, ಗುರುತು ತಂದೆಯದು. ನಮ್ಮ ಕಡೆಯ ಅಂತರ್ಜಾತಿ ಮದುವೆಯ ಮಕ್ಕಳನ್ನು ನೋಡಿದವರಿಗೆ ಇದು ದೂರದ ಕಥೆ ಅನಿಸಲಾರದು.

1960ರಿಂದ ಅಮೆರಿಕದಲ್ಲಿ ಜನ ತಾವೇ ಬರೆದುಕೊಳ್ಳುವ ಪದ್ಧತಿ ಶುರುವಾಯಿತು. ಬಣ್ಣ ಮೀರಿದ ಮದುವೆಗಳನ್ನು ನಿಷೇಧಿಸುವ ರಾಜ್ಯಗಳ ಕಾನೂನುಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ 1967ರಲ್ಲಿ ಲವಿಂಗ್ ದಂಪತಿಯ ಮೊಕದ್ದಮೆಯಲ್ಲಿ ರದ್ದು ಮಾಡಿತು. 2000ದಲ್ಲಿ ಮೊದಲ ಬಾರಿಗೆ ಒಂದಕ್ಕಿಂತ ಹೆಚ್ಚು ಜನಾಂಗಕ್ಕೆ ಗುರುತು ಹಾಕಲು ಅವಕಾಶ ಸಿಕ್ಕಿತು. ಆ ವರ್ಷ ಹಾಗೆ ಹಾಕಿದವರು 68 ಲಕ್ಷ. 2010ರಲ್ಲಿ 90 ಲಕ್ಷ. 2020ರಲ್ಲಿ 3 ಕೋಟಿ 38 ಲಕ್ಷ.

ಹತ್ತು ವರ್ಷಕ್ಕೆ ಸುಮಾರು ನಾಲ್ಕು ಪಟ್ಟು! ಅಷ್ಟು ಮಕ್ಕಳು ಹುಟ್ಟಿದರೇ? ಇಲ್ಲ. 2020ರ ನಮೂನೆಯಲ್ಲಿ ಬಿಳಿ, ಕಪ್ಪು ಎಂದು ಗುರುತು ಹಾಕಿದವರಿಗೂ ಮೂಲ ಬರೆಯಲು ಖಾಲಿ ಗೆರೆ ಕೊಟ್ಟರು. ಮೊದಲು ಬರೆದದ್ದರಲ್ಲಿ 30 ಅಕ್ಷರ ಮಾತ್ರ ಕಂಪ್ಯೂಟರಿಗೆ ಹೋಗುತ್ತಿತ್ತು, ಈ ಸಲ 200 ಅಕ್ಷರ ತೆಗೆದುಕೊಂಡರು. ಒಂದು ಪೆಟ್ಟಿಗೆಗೆ ಗುರುತು ಹಾಕಿ ಗೆರೆಯ ಮೇಲೆ ಇನ್ನೊಂದು ಮೂಲ ಬರೆದವರೂ ಈಗ ಎರಡು ಜನಾಂಗದವರ ಲೆಕ್ಕಕ್ಕೆ ಬಂದರು. ಬೆರೆತ ಕುಟುಂಬಗಳು ಹೆಚ್ಚಿದ್ದೂ ನಿಜ, ಜನ ಮೊದಲಿಗಿಂತ ಧೈರ್ಯದಿಂದ ಬರೆದದ್ದೂ ನಿಜ. ಆದರೆ ಆ ಜಿಗಿತದ ದೊಡ್ಡ ಪಾಲು ಗೆರೆಯ ಉದ್ದದ್ದು. ಅಂಕಿ ನೋಡಿದ ಕೂಡಲೇ ಪ್ರಶ್ನೆಪತ್ರಿಕೆ ಹೇಗಿತ್ತು ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಿ.

ಎರಡಕ್ಕೆ ಗುರುತು ಹಾಕುವ ಅವಕಾಶ ಇದ್ದಾಗಲೂ ಎಲ್ಲರೂ ಹಾಕುವುದಿಲ್ಲ. ಬರಾಕ್ ಒಬಾಮ ಅವರ ತಾಯಿ ಬಿಳಿಯರು, ತಂದೆ ಕೀನ್ಯಾದವರು. ಅಧ್ಯಕ್ಷರಾಗಿದ್ದಾಗ 2010ರ ಗಣತಿಯಲ್ಲಿ ಅವರು ಕಪ್ಪು ಎಂಬ ಒಂದೇ ಗುರುತು ಹಾಕಿದರು. ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಬಿಳಿ, ಕಪ್ಪು, ಅಮೆರಿಕದ ಮೂಲನಿವಾಸಿ, ಏಷ್ಯಾದ ಮೂಲ ನಾಲ್ಕನ್ನೂ ಕೂಡಿಸಿ ತನಗೊಂದು ಹೊಸ ಶಬ್ದವನ್ನೇ ಕಟ್ಟಿಕೊಂಡರು. ಒಬ್ಬರು ಮರೆಮಾಚಿದರು, ಇನ್ನೊಬ್ಬರು ಸತ್ಯ ಹೇಳಿದರು ಎಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಬೀದಿಯಲ್ಲಿ ತನ್ನನ್ನು ಹೇಗೆ ಕಂಡರು, ಯಾರು ಬೆಳೆಸಿದರು, ಯಾರ ಜೊತೆ ನಿಲ್ಲಬೇಕು ಎಂಬ ಮೂರೂ ಆ ಒಂದು ಗುರುತಿನಲ್ಲಿ ಸೇರಿರುತ್ತವೆ.

ಬ್ರೆಜಿಲ್‌ನಲ್ಲಿ ಕೇಳುವುದೇ ಬೇರೆ. ಅಲ್ಲಿ ಮೂಲಕ್ಕಿಂತ ಬಣ್ಣಕ್ಕೆ ತೂಕ. ಒಡಹುಟ್ಟಿದ ಇಬ್ಬರು ಬೇರೆ ಬೇರೆ ಬಣ್ಣ ಬರೆಸಬಹುದು. 2022ರ ಗಣತಿಯಲ್ಲಿ 'ಪಾರ್ಡಾ', ಅಂದರೆ ಬೆರೆತ ಕಂದು ಬಣ್ಣದವರು, 45.3 ಪ್ರತಿಶತ, ಬಿಳಿಯರು 43.5 ಪ್ರತಿಶತ.

ಈಗ ನಮ್ಮ ಕಾನೂನಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಪಾಲಕರು ನಿಮ್ಮನ್ನು ಕೇಳುವುದು ಇದನ್ನೇ. 'ಸರ್, ನಂದು ಒಂದು ಜಾತಿ, ಆಕಿದು ಒಂದು ಜಾತಿ, ಹುಡುಗಂದು ಏನ್ ಬರಸೂಣು?'

ನಮ್ಮ ಸಂವಿಧಾನದಲ್ಲೇ ಬೆರೆತ ಮೂಲದ ಒಂದು ಸಮುದಾಯಕ್ಕೆ ವ್ಯಾಖ್ಯೆ ಇದೆ, ಆಂಗ್ಲೋ ಇಂಡಿಯನ್ನರದು, 366(2)ನೇ ವಿಧಿ. ಅದರ ಪ್ರಕಾರ ಯುರೋಪಿನ ಮೂಲ ಗಂಡಿನ ಸಾಲಿನಲ್ಲಿ ಬಂದಿರಬೇಕು. ತಾಯಿ ಮಾತ್ರ ಆಂಗ್ಲೋ ಇಂಡಿಯನ್ ಆದರೆ ಸಾಲದು. ಜಾತಿಯ ವಿಷಯದಲ್ಲೂ ಬಹುಕಾಲ ಇದೇ ಹಾದಿ ನಡೆಯಿತು. 2006ರ ಅಂಜನ್ ಕುಮಾರ್ ಪ್ರಕರಣದಲ್ಲಿ ತಾಯಿ ಒರಾಂವ್ ಬುಡಕಟ್ಟಿನವರು, ತಂದೆ ಮುಂದುವರಿದ ಕಾಯಸ್ಥ ಜಾತಿಯವರು. ಮಗ ತಂದೆಯ ವಾತಾವರಣದಲ್ಲಿ ಬೆಳೆದವನು ಎಂದು ಸುಪ್ರೀಂ ಕೋರ್ಟ್ ಪರಿಶಿಷ್ಟ ಪಂಗಡದ ಹಕ್ಕನ್ನು ಒಪ್ಪಲಿಲ್ಲ. 2012ರಲ್ಲಿ ಗುಜರಾತಿನ ರಮೇಶಭಾಯಿ ನಾಯಕಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ವಿಷಯವನ್ನು ಬಿಡಿಸಿ ಹೇಳಿತು. ಮಗುವಿನದು ತಂದೆಯ ಜಾತಿ ಎಂದು ಮೊದಲಿಗೆ ಭಾವಿಸಬಹುದು, ತಂದೆ ಮುಂದುವರಿದ ಜಾತಿಯವನಾದರೆ ಆ ಭಾವನೆ ಇನ್ನೂ ಗಟ್ಟಿ. ಆದರೆ ಅದೇ ಕೊನೆಯ ಮಾತಲ್ಲ. ತನ್ನನ್ನು ಬೆಳೆಸಿದ್ದು ಪರಿಶಿಷ್ಟ ಜಾತಿ ಅಥವಾ ಪಂಗಡದ ತಾಯಿ ಎಂದು, ತಂದೆಯ ಜಾತಿಯಿಂದ ಬದುಕಿನಲ್ಲಿ ಯಾವ ಮುನ್ನಡೆಯೂ ಸಿಗದೆ ತಾಯಿಯ ಸಮುದಾಯದವರು ಉಂಡ ಅವಮಾನ, ಕೊರತೆಗಳನ್ನೇ ತಾನೂ ಉಂಡೆ ಎಂದು, ಆ ಸಮುದಾಯದವರೂ ಹೊರಗಿನವರೂ ತನ್ನನ್ನು ಅವರಲ್ಲೊಬ್ಬನೆಂದೇ ನಡೆಸಿಕೊಂಡರು ಎಂದು ಮಗು ಸಾಕ್ಷಿ ಕೊಡಬಹುದು.

ಅರ್ಜಿಗಳು ಬೀಳುವುದು ಎಲ್ಲಿ? ತಾಯಿಯ ಜಾತಿ ಪ್ರಮಾಣಪತ್ರವೊಂದನ್ನೇ ಲಗತ್ತಿಸಿ ನಾಡಕಚೇರಿಗೆ ಹೋಗುತ್ತಾರೆ. ಅದು ತಾಯಿಯ ಜಾತಿಯನ್ನು ಸಾಬೀತು ಮಾಡುತ್ತದೆ, ಮಗು ಎಲ್ಲಿ ಬೆಳೆಯಿತು ಎಂಬುದನ್ನಲ್ಲ. ಬೇಕಾಗಿರುವುದು ಎರಡನೆಯದು. ತಾಯಿಯ ಊರಿನ ಶಾಲೆಯ ದಾಖಲಾತಿ, ಅಜ್ಜನ ಮನೆಯ ಪಡಿತರ ಚೀಟಿಯಲ್ಲಿ ಮಗುವಿನ ಹೆಸರು, ಅಜ್ಜನ ಮತ್ತು ಸೋದರಮಾವನ ಹಳೆಯ ಶಾಲಾ ದಾಖಲೆ, ಅದೇ ಓಣಿಯ ವಾಸದ ಪುರಾವೆ. ತಲಾಠಿ ಮತ್ತು ಕಂದಾಯ ನಿರೀಕ್ಷಕರು ವಿಚಾರಣೆಗೆ ಬಂದಾಗ ತಾಯಿಯ ಕಡೆಯವರ ಹೇಳಿಕೆ ಮಾತ್ರ ಸಾಲದು. 'ಹೊರಗಿನವರೂ ಹಾಗೇ ನಡೆಸಿಕೊಂಡರು' ಎಂಬುದಕ್ಕೆ ಬೇರೆ ಸಮುದಾಯದ ನೆರೆಯವರ ಹೇಳಿಕೆ ಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ತಹಶೀಲ್ದಾರರು ನಿರಾಕರಿಸಿದರೆ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ನಿರಾಕರಣೆಯನ್ನು ಬಾಯಿಮಾತಿನಲ್ಲಿ ಕೇಳಿ ಮನೆಗೆ ಬರಬೇಡಿ, ಲಿಖಿತವಾಗಿ ಪಡೆಯಿರಿ. ಮದುವೆಯಿಂದ ಯಾರ ಜಾತಿಯೂ ಬದಲಾಗುವುದಿಲ್ಲ ಎಂಬುದೂ ನೆನಪಿರಲಿ. ಪರಿಶಿಷ್ಟ ಜಾತಿಯವರನ್ನು ಮದುವೆಯಾದ ಮುಂದುವರಿದ ಜಾತಿಯ ಹೆಣ್ಣುಮಗಳಿಗೆ ಆ ಮೀಸಲಾತಿ ಬರುವುದಿಲ್ಲ.

ನಮ್ಮ ಜಿಲ್ಲೆಯ ಖಾನಾಪುರದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಕಲಘಟಗಿಯ ಕಡೆಯೂ ಇದ್ದಾರೆ. ಗೋವೆಯ ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗುಲಾಮರಾಗಿ ತಂದವರ ಸಂತತಿ ಇವರಲ್ಲಿ ಬಹಳ. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರಲ್ಲಿ ಹಿಂದೂ ಸಿದ್ದಿಗಳು, ಮುಸ್ಲಿಂ ಸಿದ್ದಿಗಳು, ಕ್ರೈಸ್ತ ಸಿದ್ದಿಗಳು ಇದ್ದಾರೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು ಆಡುತ್ತಾರೆ. ಧರ್ಮ ಬೇರೆಯಾದರೂ ಸಿದ್ದಿಗಳೊಳಗೇ ಕೊಟ್ಟು ತಂದ ಸಂಬಂಧಗಳುಂಟು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನಗಳು ಅವರಲ್ಲಿ ಆಫ್ರಿಕದ ಮೂಲದ ಜೊತೆಗೆ ಭಾರತದ ಮೂಲವನ್ನೂ ಗುರುತಿಸಿವೆ.

ಪ್ರಯೋಗಾಲಯ ಅಷ್ಟು ಹೇಳುತ್ತದೆ. ಆದರೆ ಯಾವ ಸಿದ್ದಿಯೂ ತನ್ನನ್ನು ಪ್ರತಿಶತದಲ್ಲಿ ಹೇಳಿಕೊಳ್ಳುವುದಿಲ್ಲ. ಹಾಗೆ ನೋಡಿದರೆ ನಾವೆಲ್ಲರೂ ಬೆರೆತವರೇ. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಭಾರತದ ಬಹುತೇಕ ಎಲ್ಲ ಸಮುದಾಯಗಳೂ ಬೆರೆತವು, ಆಮೇಲೆ ಒಳಗೊಳಗೇ ಮದುವೆಯಾಗುವ ಪದ್ಧತಿ ಬಿಗಿಯಾಯಿತು ಎಂದು 2013ರ ಒಂದು ದೊಡ್ಡ ಅಧ್ಯಯನ ತೋರಿಸಿದೆ. ಸಿದ್ದಿಗಳ ಬೆರಕೆ ಕಣ್ಣಿಗೆ ಕಾಣುತ್ತದೆ, ನಮ್ಮದು ಕಾಣುವುದಿಲ್ಲ.

ಈ ಸಿದ್ದಿಗಳ ಗುರುತನ್ನು ಕಾಗದ ಹೇಗೆ ಸೀಳಿತು ನೋಡಿ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು, ಆದರೆ ಉತ್ತರ ಕನ್ನಡ ಜಿಲ್ಲೆಗೆ ಮಾತ್ರ. ಹಳಿಯಾಳದಲ್ಲಿ ಉಳಿದ ಅಣ್ಣ ಪರಿಶಿಷ್ಟ ಪಂಗಡ, ಖಾನಾಪುರದ ಹಾಡಿಯಲ್ಲಿ ಹುಟ್ಟಿ ಬೆಳೆದ ಅವನ ಚಿಕ್ಕಪ್ಪನ ಮಗ ಅಲ್ಲ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳ ಹೆಸರು ಪಟ್ಟಿಗೆ ಸೇರಿದ್ದು 2020ರಲ್ಲಿ. ಹದಿನೇಳು ವರ್ಷ, ಅಂದರೆ ಒಂದನೆಯ ತರಗತಿಗೆ ಸೇರಿದ ಮಗು ಪದವಿ ಮುಗಿಸಿ ಹೊರಬೀಳುವಷ್ಟು ಕಾಲ. ಇದು ನನಗೆ ಈಗಲೂ ನೋವಿನ ಸಂಗತಿ.

ವಿಜಯಪುರದಿಂದ ಬಂದವರಿಗೆ ಇದರ ಇನ್ನೊಂದು ತುದಿ ಗೊತ್ತಿರಬೇಕು. ಮುಹಮ್ಮದ್ ಆದಿಲ್ ಶಾಹನ ಕಾಲದ ಪ್ರಬಲ ಮಂತ್ರಿ ಇಖ್ಲಾಸ್ ಖಾನ್ ಆಫ್ರಿಕ ಮೂಲದ ಹಬಶಿ. ಆಫ್ರಿಕದ ತಂದೆ, ಇಲ್ಲಿಯ ತಾಯಿಗೆ ಹುಟ್ಟಿದವರಿಗೆ ದಖನ್ನಿನಲ್ಲಿ 'ಮುವಲ್ಲದ' ಎಂಬ ಬೇರೆ ಹೆಸರೇ ಇತ್ತು. ಆದಿಲ್ ಶಾಹಿ ಮನೆತನದ ಮೊದಲ ದೊರೆ ಯೂಸುಫನ ರಾಣಿಯೂ ಮರಾಠಾ ನಾಯಕನೊಬ್ಬನ ಮನೆಯ ಹೆಣ್ಣುಮಗಳು. ಎರಡನೆಯ ದೊರೆ ಇಸ್ಮಾಯಿಲ್ ಅವಳ ಮಗ. ಅರಮನೆಯಲ್ಲಿ ಬೆರಕೆಗೆ ಮಂತ್ರಿಪದವಿ, ಸಿಂಹಾಸನ ಸಿಕ್ಕಿತು. ಕಾಡಿನಲ್ಲಿದ್ದವರಿಗೆ ಒಂದು ಪ್ರಮಾಣಪತ್ರ ಸಿಗುವುದಕ್ಕೂ 2020 ಬರಬೇಕಾಯಿತು.

ಇನ್ನೊಂದು ಗುಂಪಿನ ಮಕ್ಕಳು ನಮ್ಮ ಭಾಗದ ತರಗತಿಗಳಲ್ಲಿ ಇದ್ದಾರೆ, ದೇವದಾಸಿ ತಾಯಂದಿರ ಮಕ್ಕಳು. ಎಷ್ಟೋ ಸಲ ತಂದೆ ಬೇರೆ ಜಾತಿಯವನು, ಮಗು ಬೆಳೆಯುವುದು ತಾಯಿಯ ಮನೆಯಲ್ಲಿ, ಅಜ್ಜಿ ಮತ್ತು ಸೋದರಮಾವನ ನೆರಳಲ್ಲಿ. 'ಯಾರ ಪೈಕಿ' ಎಂಬುದಕ್ಕೆ ಆ ಮಗುವಿನ ಹತ್ತಿರ ಗಟ್ಟಿ ಉತ್ತರವೇ ಇದೆ, ಅಮ್ಮನ ಪೈಕಿ. ಕಾಲಂ ಅದನ್ನು ಒಪ್ಪುತ್ತಿರಲಿಲ್ಲ, ತಂದೆಯ ಹೆಸರು ಕೇಳುತ್ತಿತ್ತು. ಪದ್ಧತಿಯನ್ನು ನಿಷೇಧಿಸಿದ ನಮ್ಮ ರಾಜ್ಯದ ಕಾಯ್ದೆ 1982ರದು. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಕಾನೂನು ಈ ಮಕ್ಕಳಿಗೆ ತಂದೆಯ ಹೆಸರು ಕಡ್ಡಾಯವಲ್ಲ ಎಂದು ಹೇಳುತ್ತದೆ. ಹಾಜರಿ ಕರೆಯುವಾಗ, ನಮೂನೆ ತುಂಬಿಸುವಾಗ ಎಲ್ಲರ ಎದುರು 'ಅಪ್ಪನ ಹೆಸರೇನು?' ಎಂದು ಎರಡನೆಯ ಸಲ ಕೇಳಬೇಡಿ.

ಕೊನೆಗೆ ನಿಮ್ಮ ತರಗತಿಯ ವಂಶವೃಕ್ಷದ ಪಾಠ. ನಾವು ಹಲಗೆಯ ಮೇಲೆ ಬರೆಯುವ ಮರದಲ್ಲಿ ಮುತ್ತಜ್ಜ, ಅಜ್ಜ, ಅಪ್ಪ, ಮಗ ಎಂದು ಒಂದೇ ಕಾಂಡ ಇರುತ್ತದೆ. ಹಾಳೆಯನ್ನು ಅಡ್ಡ ಹಿಡಿಸಿ. ಮಗುವಿನ ಹೆಸರು ಕೆಳಗೆ, ಅದರ ಮೇಲೆ ಎರಡು ಹೆಸರು, ಆಮೇಲೆ ನಾಲ್ಕು, ಆಮೇಲೆ ಎಂಟು. ಜಾತಿ ಬರೆಸಬೇಡಿ. ಪ್ರತಿ ಹೆಸರಿನ ಕೆಳಗೆ ಹುಟ್ಟಿದ ಊರು ಮತ್ತು ಮನೆಯಲ್ಲಿ ಆಡುತ್ತಿದ್ದ ಭಾಷೆ, ಇಷ್ಟು ಸಾಕು. ಗೊತ್ತಿಲ್ಲದ ಮನೆಯನ್ನು ಖಾಲಿ ಬಿಡಲು ಮೊದಲೇ ಅನುಮತಿ ಕೊಡಿ, ಯಾವ ಕಡೆಯದೇ ಆಗಲಿ. ಒಂದು ದಿನದಲ್ಲಿ ಮುಗಿಸಬೇಡಿ, ಶನಿವಾರ ಕೊಟ್ಟು ಸೋಮವಾರ ತರಿಸಿ. ನಡುವಿನ ಭಾನುವಾರ ಮಕ್ಕಳು ಮನೆಯಲ್ಲಿ ಕೇಳಬೇಕು. ತಂದೆಯ ತಂದೆಯ ಸಾಲು ಬೇಗ ತುಂಬುತ್ತದೆ. ತಾಯಿಯ ತಾಯಿಯ ತಾಯಿ, ಎಂಟರಲ್ಲಿ ಕೊನೆಯ ಮನೆ, ಅಲ್ಲಿ ಹೆಚ್ಚಿನ ಮಕ್ಕಳು ಪೆನ್ಸಿಲ್ ಹಿಡಿದು ನಿಲ್ಲುತ್ತಾರೆ. 'ಅಮ್ಮನ್ನ ಕೇಳ್ಕೊಂಡು ಬಾ, ಆಕಿಗೂ ಗೊತ್ತಿರಲಿಲ್ಲಂದ್ರ ಆಯಿಗೆ ಫೋನ್ ಹಚ್ಚಿ ಕೇಳು' ಎಂದು ಹೇಳಿ ಕಳಿಸಿ.